ಎಂಟು ಸೆಂಟಿಮೀಟರಿನ ಸಂದು

ನದಿಯ ದಡದಲ್ಲಿ ಒಂದು ಸಂಗೀತ ಸಭಾಂಗಣವನ್ನು ಕಟ್ಟುವ ಕೆಲಸದಲ್ಲಿ ನಾನು ಏಳು ವರ್ಷ ತೊಡಗಿದ್ದೆ. ನಾನು ರಚನಾ ಎಂಜಿನಿಯರ್; ಕಂಬ, ತೊಲೆ, ಅಡಿಪಾಯಗಳ ಲೆಕ್ಕ ನನ್ನ ವೃತ್ತಿ. ಸಂಗೀತವನ್ನು ಕೇಳುವ ಅಭ್ಯಾಸವಿತ್ತೇ ಹೊರತು ಅದರ ಶಾಸ್ತ್ರ ತಿಳಿದಿರಲಿಲ್ಲ. ವಾಸ್ತುಶಿಲ್ಪಿಗಳ ನಕ್ಷೆಗೂ ಧ್ವನಿತಜ್ಞರ ಷರತ್ತುಗಳಿಗೂ ಹೊಂದುವಂತೆ ಕಟ್ಟಡದ ಎಲುಬುಗೂಡನ್ನು ರೂಪಿಸುವುದು, ಬಳಿಕ ಅದು ಕಾಗದದ ಮೇಲೆ ಇದ್ದ ಹಾಗೆಯೇ ನೆಲದ ಮೇಲೂ ಏಳುವಂತೆ ನೋಡಿಕೊಳ್ಳುವುದು ನನ್ನ ಹೊಣೆಯಾಗಿತ್ತು. ಎರಡನೆಯ ಕೆಲಸ ಮೊದಲನೆಯದಕ್ಕಿಂತ ಎಷ್ಟು ಕಷ್ಟವೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಧ್ವನಿತಜ್ಞರನ್ನು ಮೊದಲ ಸಲ ಕಂಡದ್ದು ಸಭೆಯ ಮೇಜಿನ ಮುಂದೆ ಅಲ್ಲ, ರಾತ್ರಿ ಎರಡು ಗಂಟೆಗೆ, ಖಾಲಿ ನಿವೇಶನದ ನಡುವೆ. ನಕ್ಷೆಯನ್ನು ನೋಡುವ ಮೊದಲು ಜಾಗವನ್ನು ಕೇಳಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಐದು ಕಡೆ ಮೈಕ್ರೊಫೋನುಗಳನ್ನು ನಿಲ್ಲಿಸಿ, ನೆಲಕ್ಕೆ ಕಂಪನಮಾಪಕಗಳನ್ನು ಬಿಗಿದು, ಒಂದು ವಾರ ಹಗಲಿರುಳು ದಾಖಲಿಸಿದರು. ನನ್ನ ಕಿವಿಗೆ ನಿಶ್ಶಬ್ದವೆನಿಸಿದ ಆ ಜಾಗದಲ್ಲಿ ಅವರ ಯಂತ್ರಕ್ಕೆ ಎರಡು ಬಗೆಯ ಸದ್ದುಗಳು ಸಿಕ್ಕಿದವು. ಒಂದು ಗಾಳಿಯಲ್ಲಿ ಬರುವುದು: ದೋಣಿಗಳ ಸೈರನ್ನು, ಸೇತುವೆಯ ಮೇಲಿನ ವಾಹನಗಳು. ಇನ್ನೊಂದು ನೆಲದೊಳಗಿನಿಂದ ಬರುವುದು: ಸರಕು ದೋಣಿಗಳ ಎಂಜಿನ್ನಿನ ಗುಡುಗು ನೀರಿಗೆ ದಾಟಿ, ನೀರಿನಿಂದ ದಂಡೆಯ ಹಸಿ ಮಣ್ಣಿಗೆ ದಾಟಿ, ನಾವು ನಿಂತ ನೆಲವನ್ನು ಕಣ್ಣಿಗೆ ಕಾಣದಷ್ಟು ನಡುಗಿಸುತ್ತಿತ್ತು. ಆ ನಡುಕ ಪೈಲುಗಳ, ಎಂದರೆ ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳ, ಮೂಲಕ ಕಟ್ಟಡವನ್ನು ಏರಿ, ಗೋಡೆಗಳನ್ನೇ ಧ್ವನಿವರ್ಧಕಗಳನ್ನಾಗಿ ಮಾಡಿಕೊಂಡು ಸಭಾಂಗಣದೊಳಗೆ ಮತ್ತೆ ಸದ್ದಾಗಿ ಹೊಮ್ಮುತ್ತದೆ. ಅದನ್ನು ತಡೆಯಲು ಗೋಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಬರುವ ದಾರಿಯೇ ಗೋಡೆ.

ಹಿನ್ನೆಲೆ ಸದ್ದಿಗೆ ನಮಗೆ ವಿಧಿಸಿದ ಗುರಿ ಎನ್‌ಸಿ-15 ಎಂಬ ಮಟ್ಟ. ಖಾಲಿ ಸಭಾಂಗಣದಲ್ಲಿ, ಹವಾನಿಯಂತ್ರಣ ಪೂರ್ತಿ ನಡೆಯುತ್ತಿರುವಾಗಲೂ, ಕುಳಿತವನಿಗೆ ತನ್ನ ಉಸಿರಾಟವೇ ಅಲ್ಲಿನ ದೊಡ್ಡ ಸದ್ದು ಎನಿಸಬೇಕು ಎಂದು ಅದನ್ನು ಸರಳವಾಗಿ ಹೇಳಬಹುದು. ಪಿಟೀಲುಗಳು ಒಟ್ಟಾಗಿ ಅತ್ಯಂತ ಮೆಲ್ಲಗೆ ನುಡಿಸಿ ನಿಲ್ಲಿಸುವ ಕ್ಷಣ ಕೊನೆಯ ಸಾಲಿನವರೆಗೂ ತಲುಪಬೇಕಾದರೆ ಅಷ್ಟು ಮೌನ ಬೇಕೇ ಬೇಕು.

ಆಕಾರದ ಬಗ್ಗೆ ಚರ್ಚೆ ಒಂದು ವರ್ಷ ನಡೆಯಿತು. ಪ್ರಪಂಚದಲ್ಲಿ ಹೆಸರಾದ ಹಳೆಯ ಸಭಾಂಗಣಗಳಲ್ಲಿ ಅನೇಕವು ಬೂಟಿನ ಪೆಟ್ಟಿಗೆಯಂತೆ ಉದ್ದ, ಕಿರಿದು, ಎತ್ತರ. 1870ರಲ್ಲಿ ತೆರೆದ ವಿಯೆನ್ನಾದ ಮ್ಯೂಸಿಕ್‌ಫೆರೈನ್, 1888ರ ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಖೆಬೌ, 1900ರ ಬಾಸ್ಟನ್ ಸಿಂಫನಿ ಹಾಲ್ ಈ ಜಾತಿಯವು. ಬರ್ಲಿನ್ನಿನಲ್ಲಿ ಹಾನ್ಸ್ ಶರೂನ್ 1963ರಲ್ಲಿ ಕಟ್ಟಿ ತೋರಿಸಿದ್ದು ಬೇರೆಯ ಜಾತಿ. ವೇದಿಕೆ ನಡುವೆ, ಶ್ರೋತೃಗಳು ಬೆಟ್ಟದ ಮಗ್ಗುಲಿನ ದ್ರಾಕ್ಷಿ ತೋಟದ ಮಡಿಗಳಂತೆ ಸುತ್ತಲೂ. ನಮ್ಮ ವಾಸ್ತುಶಿಲ್ಪಿಗಳ ಮನಸ್ಸು ಎರಡನೆಯದರ ಕಡೆಗಿತ್ತು, ಯಾರೂ ವಾದ್ಯಗಾರರಿಂದ ದೂರ ಕೂರಬಾರದೆಂಬುದು ಅವರ ಆಶಯ. ಧ್ವನಿತಜ್ಞರಿಗೆ ಬೇಕಾದದ್ದು ಪಕ್ಕದ ಗೋಡೆಗಳು. ಸದ್ದು ನೇರವಾಗಿ ಕಿವಿ ಮುಟ್ಟಿದ ಬಳಿಕ ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳೊಳಗೆ ಎಡಬಲಗಳಿಂದ ಪ್ರತಿಫಲಿಸಿ ಮತ್ತೊಮ್ಮೆ ಬಂದರೆ, ಮನಸ್ಸು ಅದನ್ನು ಪ್ರತಿಧ್ವನಿ ಎಂದು ಬೇರ್ಪಡಿಸುವುದಿಲ್ಲ. ಸಂಗೀತ ತನ್ನನ್ನು ಸುತ್ತುವರಿದಿದೆ ಎಂದುಕೊಳ್ಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ, ಎಂದರೆ 17 ಮೀಟರ್ ಹೆಚ್ಚು ದಾರಿ ಸುತ್ತಿಬಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ತಡವಾಗುತ್ತದೆ. ಈ ಲೆಕ್ಕ ತಿಳಿದ ಮೇಲೆ ಅಗಲವಾದ ಕೋಣೆ ಯಾಕೆ ಒಣಗಿದಂತೆ ಕೇಳಿಸುತ್ತದೆಂಬುದು ನನಗೂ ಅರ್ಥವಾಯಿತು. ಕೊನೆಗೆ ಒಪ್ಪಿಗೆಯಾದದ್ದು 23 ಮೀಟರ್ ಅಗಲದ ಪೆಟ್ಟಿಗೆ. ಅದರೊಳಗೆ ಆಸನಗಳನ್ನು ಮಡಿಗಳಾಗಿ ಒಡೆದು, ಪ್ರತಿ ಮಡಿಯ ಮುಂದಿನ ಗಿಡ್ಡ ಗೋಡೆಯನ್ನೇ ಕೆಳಗಿನವರಿಗೆ ಪ್ರತಿಫಲನ ಕೊಡುವ ಗೋಡೆಯನ್ನಾಗಿಸಿದೆವು.

ಅನುರಣನದ, ಎಂದರೆ ನುಡಿಸುವುದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗಿನ, ಲೆಕ್ಕವನ್ನು ನಾನು ಮೊದಲ ಬಾರಿ ಕೈಯಾರೆ ಮಾಡಿದ್ದು ಆಗಲೇ. ಬಾಸ್ಟನ್ನಿನ ಸಭಾಂಗಣಕ್ಕೆ ಸಲಹೆ ಕೊಟ್ಟ ವ್ಯಾಲೇಸ್ ಸಬೀನ್ ಕಂಡುಕೊಂಡ ಸೂತ್ರ ಬಹಳ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಅಡಗಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ನಮ್ಮದು 1,500 ಆಸನ, ಒಬ್ಬರಿಗೆ 11 ಘನ ಮೀಟರಿನಂತೆ 16,500 ಘನ ಮೀಟರ್. ಎರಡು ಸೆಕೆಂಡು ಅನುರಣನ ಬೇಕೆಂದರೆ ಒಟ್ಟು ಹೀರಿಕೆ, ತಾಕಿದ ಸದ್ದನ್ನೆಲ್ಲ ಹೊರಗೆ ಬಿಟ್ಟುಬಿಡುವ ತೆರೆದ ಕಿಟಕಿಯ ಸುಮಾರು 1,328 ಚದರ ಮೀಟರಿಗೆ ಸಮವಾಗಿರಬೇಕು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಶ್ರೋತೃಗಳು ಮತ್ತು ವಾದ್ಯಗಾರರೇ ತಮ್ಮ ಮೈಮೇಲಿನ ಬಟ್ಟೆಯಿಂದ, ಆಸನಗಳ ಮೆತ್ತೆಯಿಂದ ನುಂಗಿಬಿಡುತ್ತಾರೆ. ಹೀಗಾಗಿ ಸಂಗೀತ ಸಭಾಂಗಣದಲ್ಲಿ ಹೀರುವ ವಸ್ತುಗಳನ್ನು ಸೇರಿಸುವುದಕ್ಕಿಂತ ಅವು ಒಳನುಗ್ಗದಂತೆ ಕಾಯುವುದೇ ದೊಡ್ಡ ಕೆಲಸ. ರತ್ನಗಂಬಳಿ ಬೇಡ, ದಪ್ಪ ಪರದೆ ಬೇಡ. ಆಸನದ ಮೆತ್ತೆಯನ್ನೂ ಕುಳಿತವನ ಮೈ ಮುಚ್ಚುವಷ್ಟೇ ಅಳತೆಗೆ ಇಟ್ಟು, ಖಾಲಿ ಕುರ್ಚಿಯೂ ತುಂಬಿದ ಕುರ್ಚಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸದ್ದನ್ನು ಹೀರುವಂತೆ ಮಾಡಿದೆವು. ಇಲ್ಲವಾದರೆ ಮಧ್ಯಾಹ್ನದ ತಾಲೀಮಿನಲ್ಲಿ ಕೇಳಿದ ಸಭಾಂಗಣವೇ ಬೇರೆ, ಸಂಜೆಯ ಕಛೇರಿಯದೇ ಬೇರೆ ಎಂದಾಗುತ್ತದೆ.

ಈ ಹಂತದಲ್ಲಿ ಹಣ ಹೂಡುವ ಸಮಿತಿಯಿಂದ ಇನ್ನೂ 300 ಆಸನ ಸೇರಿಸಬೇಕೆಂಬ ಒತ್ತಾಯ ಬಂತು. ರಚನೆಯ ದೃಷ್ಟಿಯಿಂದ ಅದು ಅಸಾಧ್ಯವಾಗಿರಲಿಲ್ಲ; ಒಂದು ಬಾಲ್ಕನಿಯನ್ನು ಮುಂದೆ ಚಾಚಿದರೆ ಮುಗಿಯಿತು ಎಂದು ನಾನೇ ಹೇಳಿದ್ದೆ, ಅದಕ್ಕಾಗಿ ಈಗಲೂ ನಾಚಿಕೆಪಡುತ್ತೇನೆ. ಧ್ವನಿತಜ್ಞರು ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಕಥೆ ಹೇಳಿದರು. ಅಲ್ಲಿ 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಹಾಲಿನ ವಿನ್ಯಾಸ ಹೆಚ್ಚು ಆಸನಗಳ ಆಸೆಗೆ ಸಿಕ್ಕಿ ಮೂಲ ಆಕಾರವನ್ನು ಕಳೆದುಕೊಂಡಿತು. ತೆರೆದ ದಿನದಿಂದಲೇ ದೂರುಗಳು ಬಂದವು. 1976ರಲ್ಲಿ ಒಳಭಾಗವನ್ನೆಲ್ಲ ಕಿತ್ತು ಮತ್ತೆ ಕಟ್ಟಿದರು. 2022ರಲ್ಲಿ ಮತ್ತೊಮ್ಮೆ ಹೊಸದಾಗಿಸಿದರು. ಸಮಿತಿ ಸುಮ್ಮನಾಯಿತು. ಸೂತ್ರಗಳು ಮಾಡಲಾಗದ ಕೆಲಸವನ್ನು ಖರ್ಚಿನ ಭಯ ಮಾಡಿತು ಎಂದು ಕಾಣುತ್ತದೆ.

ಮಾದರಿಯ ಬಗ್ಗೆ ಒಂದು ಮಾತು. ಹತ್ತರಲ್ಲಿ ಒಂದರ ಅಳತೆಯಲ್ಲಿ, ಆಳೊಬ್ಬ ನಡುಬಗ್ಗಿಸಿ ಒಳಹೊಗುವಷ್ಟು ದೊಡ್ಡ ಮರದ ಸಭಾಂಗಣವನ್ನು ಮೊದಲು ಕಟ್ಟಿದರು. ಅಳತೆ ಹತ್ತು ಪಟ್ಟು ಇಳಿದಾಗ ಸದ್ದಿನ ಆವರ್ತನವನ್ನು ಹತ್ತು ಪಟ್ಟು ಏರಿಸಬೇಕು. ಅಷ್ಟು ತೀಕ್ಷ್ಣವಾದ ಸದ್ದನ್ನು ಸಾಮಾನ್ಯ ಗಾಳಿ ವಿಪರೀತ ಹೀರುವುದರಿಂದ ಮಾದರಿಯೊಳಗೆ ಸಾರಜನಕವನ್ನು ತುಂಬಿ ಪರೀಕ್ಷಿಸಿದರು. ಉಣ್ಣೆಯ ತುಂಡು ಹೊದ್ದ 1,500 ಪುಟ್ಟ ಗೊಂಬೆಗಳು ಸಾಲಾಗಿ ಕುಳಿತಿದ್ದನ್ನು ನೋಡಿ ನಾವೆಲ್ಲ ನಕ್ಕೆವು. ಆದರೆ ಗಣಕಯಂತ್ರದ ಲೆಕ್ಕಕ್ಕೆ ಸಿಗದಿದ್ದ ಒಂದು ದೋಷ ಆ ಗೊಂಬೆಗಳ ನಡುವೆ ಸಿಕ್ಕಿತು: ಬಾಗಿದ ಹಿಂಗೋಡೆಯಿಂದ ಹೊರಟ ಸದ್ದು ಒಟ್ಟುಗೂಡಿ ವೇದಿಕೆಯ ಬಲ ಅಂಚಿಗೆ ಪ್ರತಿಧ್ವನಿಯಾಗಿ ಮರಳುತ್ತಿತ್ತು. ಹಿಂಗೋಡೆಯ ಬಾಗನ್ನು ಒಳಹೊರಗು ಮಾಡಿ, ಮೇಲ್ಮೈಗೆ ಉಬ್ಬುತಗ್ಗುಗಳನ್ನು ಕೊಟ್ಟು ಅದನ್ನು ಚದುರಿಸಲಾಯಿತು.

ಇಷ್ಟಾದ ಮೇಲೆ ನೆಲವನ್ನು ಅಗೆಯಲು ತೊಡಗಿದೆವು. ನದಿಯ ದಂಡೆ ಎಂದರೆ ನದಿಯೇ ಹಿಂದೊಮ್ಮೆ ತಂದು ಸುರಿದ ಮೆಕ್ಕಲು: ಮೇಲೆ ಸಡಿಲ ಮರಳು, ಕೆಳಗೆ ಮೆತ್ತನೆಯ ಜೇಡಿ, ಅದರ ಕೆಳಗೆ ಮತ್ತೆ ಮರಳು, 30 ಮೀಟರಿನ ಆಚೆ ಗಟ್ಟಿ ನೆಲ. ಕೊರೆದ ಗುಂಡಿಗಳು ಕುಸಿಯದಂತೆ ಬೆಂಟೊನೈಟ್ ಜೇಡಿಯ ದ್ರಾವಣವನ್ನು ತುಂಬಿ, ಅದರೊಳಗೆ ಕಂಬಿಯ ಪಂಜರವನ್ನು ಇಳಿಸಿ, ಕೊಳವೆಯ ಮೂಲಕ ತಳದಿಂದ ಮೇಲಕ್ಕೆ ಕಾಂಕ್ರೀಟ್ ತುಂಬುತ್ತ ಪೈಲುಗಳನ್ನು ಹಾಕಿದೆವು. ಕಾಂಕ್ರೀಟ್ ಏರಿದಂತೆ ದ್ರಾವಣ ಮೇಲಿನಿಂದ ಹೊರಬರುತ್ತದೆ. ಕೊಳವೆಯ ತುದಿ ಕಾಂಕ್ರೀಟಿನೊಳಗೆ ಮುಳುಗಿಯೇ ಇರಬೇಕು. ಒಮ್ಮೆ ಎತ್ತಿಬಿಟ್ಟರೆ ಪೈಲಿನ ನಡುವೆ ಕೆಸರಿನ ಪದರ ಉಳಿದು ಅದು ನಿಷ್ಪ್ರಯೋಜಕವಾಗುತ್ತದೆ. ಹಾಗೆ ಹಾಳಾದ ನಾಲ್ಕು ಪೈಲುಗಳ ಬದಲಿಗೆ ಎಂಟು ಹೊಸ ಪೈಲುಗಳನ್ನು ಹಾಕಬೇಕಾಯಿತು.

ನದಿಯ ಬದಿಯಲ್ಲಿ ಭಾರ ಹೊರುವುದಕ್ಕಿಂತ ಹೆಚ್ಚಿನ ಚಿಂತೆ ತೇಲುವುದು. ನಮ್ಮ ನೆಲಮಾಳಿಗೆಯ ತಳ ಅಂತರ್ಜಲದ ಮಟ್ಟಕ್ಕಿಂತ ಏಳು ಮೀಟರ್ ಕೆಳಗಿತ್ತು. ಎಂದರೆ ಪ್ರತಿ ಚದರ ಮೀಟರಿಗೆ ಏಳು ಟನ್ ಬಲದಿಂದ ನೀರು ಅದನ್ನು ಮೇಲಕ್ಕೆ ದೂಡುತ್ತಿತ್ತು. 1.2 ಮೀಟರ್ ದಪ್ಪದ ತಳದ ಸ್ಲ್ಯಾಬ್ ತಾನಾಗಿ ಎದುರಿಸಬಲ್ಲದ್ದು ಮೂರೇ ಟನ್. ಉಳಿದದ್ದನ್ನು ಪೈಲುಗಳು ಕೆಳಕ್ಕೆ ಹಿಡಿದೆಳೆಯಬೇಕು, ಮೇಲಿನ ಮಹಡಿಗಳು ಅದುಮಬೇಕು. ಮಹಡಿಗಳು ಏಳುವವರೆಗೆ ಸುತ್ತಲಿನ ಬಾವಿಗಳಿಂದ ಹಗಲಿರುಳು ನೀರೆತ್ತಿ ಅಂತರ್ಜಲವನ್ನು ತಗ್ಗಿಸಿ ಇಡಬೇಕು. ಅತಿಯಾಗಿ ಎತ್ತಿದರೆ ಅಕ್ಕಪಕ್ಕದ ಕಟ್ಟಡಗಳ ಕೆಳಗಿನ ಮಣ್ಣು ಕುಗ್ಗಿ ಅವು ಬಿರುಕು ಬಿಡುತ್ತವೆ. ಹಾಗಾಗಿ ಎತ್ತಿದ ನೀರಿನ ಒಂದು ಪಾಲನ್ನು ದೂರದ ಬಾವಿಗಳಲ್ಲಿ ಮತ್ತೆ ಭೂಮಿಗೆ ಇಳಿಸುತ್ತಿದ್ದೆವು. ಒಂದು ಕಡೆ ಎತ್ತುವುದು, ಇನ್ನೊಂದು ಕಡೆ ಇಳಿಸುವುದು, ನೋಡಿದವರಿಗೆ ಹುಚ್ಚಾಟವೆನಿಸುತ್ತಿತ್ತು.

ನದಿ ತುಂಬಿ ಹರಿಯುತ್ತಿದ್ದ ಒಂದು ರಾತ್ರಿ ವಿದ್ಯುತ್ತು ಹೋಯಿತು. ತಾನಾಗಿ ಚಾಲೂ ಆಗಬೇಕಿದ್ದ ಜನರೇಟರಿನ ಬ್ಯಾಟರಿ ಸತ್ತಿತ್ತು. ವಾರಕ್ಕೊಮ್ಮೆ ಪರೀಕ್ಷಿಸಿದೆವೆಂದು ಪುಸ್ತಕದಲ್ಲಿ ಸಹಿಗಳಿದ್ದವು, ಪರೀಕ್ಷೆ ನಡೆದಿರಲಿಲ್ಲ. ನಾನು ತಲುಪುವಷ್ಟರಲ್ಲಿ ವೀಕ್ಷಣಾ ಕೊಳವೆಗಳಲ್ಲಿ ನೀರಿನ ಮಟ್ಟ ಗಂಟೆಗೆ ಒಂದು ಗೇಣಿನಂತೆ ಏರುತ್ತಿತ್ತು. ಸ್ಲ್ಯಾಬ್ ಹಾಕಿ ಇನ್ನೂ ಎರಡು ವಾರವಾಗಿರಲಿಲ್ಲ. ಪೈಲಿನ ತಲೆಗಳೊಡನೆ ಅದರ ಬೆಸುಗೆಯ ಮೇಲೆ ನನಗೆ ಆಗ ಪೂರ್ತಿ ಭರವಸೆ ಇರಲಿಲ್ಲ. ಇಂಥ ಹೊತ್ತಿಗೆಂದೇ ಸ್ಲ್ಯಾಬಿನಲ್ಲಿ ಹನ್ನೆರಡು ಕೊಳವೆಗಳನ್ನು ಮುಚ್ಚಳ ಹಾಕಿ ಬಿಟ್ಟಿದ್ದೆವು. ಅವುಗಳನ್ನು ತೆರೆದರೆ ಕೆಳಗಿನ ನೀರು ಒಳಗೆ ನುಗ್ಗಿ, ಒಳಗಿನ ನೀರಿನ ಭಾರವೇ ಹೊರಗಿನ ಒತ್ತಡವನ್ನು ಸರಿದೂಗಿಸುತ್ತದೆ. ಆದರೆ ನೆಲಮಾಳಿಗೆಯಲ್ಲಿ ಜೋಡಿಸಿಟ್ಟ ಸಾಮಾನೆಲ್ಲ ಮುಳುಗುತ್ತದೆ. ಹಿರಿಯ ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತ, “ಸರ್, ಸಾಮಾನು ಮತ್ತೆ ಬರುತ್ತದೆ, ಸ್ಲ್ಯಾಬ್ ಬರುವುದಿಲ್ಲ” ಎಂದರು. ತೆರೆಸಿದೆ. ಬೆಳಗಿನ ಹೊತ್ತಿಗೆ ಎದೆಮಟ್ಟ ನೀರು ನಿಂತಿತ್ತು, ಸ್ಲ್ಯಾಬ್ ಕೂದಲೆಳೆಯಷ್ಟೂ ಎದ್ದಿರಲಿಲ್ಲ. ನೀರನ್ನು ಖಾಲಿ ಮಾಡಿ, ಕೆಸರು ಬಳಿದು, ತುಕ್ಕು ಹಿಡಿದ ಕಂಬಿಯನ್ನು ಉಜ್ಜಿ ತೆಗೆಯಲು ಮೂರು ವಾರ ಹಿಡಿಯಿತು.

ಇನ್ನು ಪೆಟ್ಟಿಗೆಯೊಳಗಿನ ಪೆಟ್ಟಿಗೆ. ಈ ಕಟ್ಟಡದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು ಇದು. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಗೋಡೆಯನ್ನು 40ಕ್ಕೆ ಏರಿಸಿದರೆ ಸಿಗುವ ಹೆಚ್ಚಿನ ತಡೆ ಐದಾರು ಡೆಸಿಬೆಲ್ ಮಾತ್ರ. ಅದರ ಬದಲು ಎರಡು ಗೋಡೆಗಳನ್ನು ಒಂದನ್ನೊಂದು ಎಲ್ಲಿಯೂ ಮುಟ್ಟದಂತೆ ನಿಲ್ಲಿಸಿದರೆ ತಡೆ ಬಹಳ ಪಟ್ಟು ಹೆಚ್ಚುತ್ತದೆ. ಹೊರಗಿನ ಕಟ್ಟಡದೊಳಗೆ ಇಡೀ ಸಭಾಂಗಣವನ್ನು ನೆಲ, ಗೋಡೆ, ಚಾವಣಿ ಸಮೇತ ಪ್ರತ್ಯೇಕ ಕಾಂಕ್ರೀಟ್ ಪೆಟ್ಟಿಗೆಯಾಗಿ ಕಟ್ಟಿ, ಅದನ್ನು ಉಕ್ಕಿನ ಸ್ಪ್ರಿಂಗುಗಳ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು. ಸುತ್ತಲೂ ಎಂಟು ಸೆಂಟಿಮೀಟರಿನ ಖಾಲಿ ಸಂದು.

ಹ್ಯಾಂಬರ್ಗಿನಲ್ಲಿ ಎಲ್ಬೆ ನದಿಯ ಬದಿಯ ಎಲ್ಬ್‌ಫಿಲ್‌ಹಾರ್ಮೊನಿ ನಮಗೆ ಈ ವಿಷಯದಲ್ಲಿ ಪಠ್ಯವೇ ಆಗಿತ್ತು. 1960ರ ದಶಕದ ಒಂದು ಗೋದಾಮಿನ ಮೇಲೆ ಹರ್ಟ್ಸೋಗ್ ಮತ್ತು ಡ ಮ್ಯೂರೊನ್ ರೂಪಿಸಿದ ಆ ಕಟ್ಟಡದಲ್ಲಿ 12,500 ಟನ್ನಿನ ಸಭಾಂಗಣ 362 ಸ್ಪ್ರಿಂಗುಗಳ ಮೇಲೆ ನಿಂತಿದೆ. ಗೋದಾಮಿನ 1,111 ಹಳೆಯ ಪೈಲುಗಳ ಜೊತೆಗೆ ಆರುನೂರಕ್ಕೂ ಹೆಚ್ಚು ಹೊಸ ಪೈಲುಗಳನ್ನು ಹಾಕಬೇಕಾಯಿತು. 2007ರಲ್ಲಿ ಕೆಲಸ ಆರಂಭಿಸಿ 2010ಕ್ಕೆ ಮುಗಿಸುವುದೆಂದಿದ್ದದ್ದು ತೆರೆದದ್ದು 2017ರ ಜನವರಿಯಲ್ಲಿ. ನಗರದ ಪಾಲಿನ ವೆಚ್ಚ 77 ಮಿಲಿಯನ್ ಯೂರೊದಿಂದ 789 ಮಿಲಿಯನ್ನಿಗೆ ಏರಿತು. ನಮ್ಮ ವಿಳಂಬಕ್ಕೆ ಯಾರಾದರೂ ಸಿಡುಕಿದಾಗಲೆಲ್ಲ ಈ ಅಂಕಿಗಳನ್ನು ನಾನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದೆ, ಅದರಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ.

ನಮ್ಮ ಒಳಪೆಟ್ಟಿಗೆ 9,000 ಟನ್, ಸ್ಪ್ರಿಂಗಿನ ಘಟಕಗಳು 280. ಪೂರ್ತಿ ಭಾರ ಬಿದ್ದಾಗ ಪ್ರತಿಯೊಂದೂ ಸುಮಾರು 16 ಮಿಲಿಮೀಟರ್ ಕುಗ್ಗಬೇಕು. ಹಾಗೆ ಕುಗ್ಗಿದರೆ ಇಡೀ ಪೆಟ್ಟಿಗೆಯ ಸಹಜ ಕಂಪನ ಸೆಕೆಂಡಿಗೆ ನಾಲ್ಕು ಬಾರಿಯಾಗುತ್ತದೆ. ಅದರ 1.4 ಪಟ್ಟಿಗಿಂತ ಮೇಲಿನ ನಡುಕಗಳನ್ನು ಸ್ಪ್ರಿಂಗು ತಡೆಯತೊಡಗುತ್ತದೆ, ಮೇಲೇರಿದಷ್ಟೂ ತಡೆ ಹೆಚ್ಚು. ದೋಣಿಗಳ ಎಂಜಿನ್ನಿನ ನಡುಕ ನಮ್ಮ ದಾಖಲೆಯಲ್ಲಿ 30 ಹರ್ಟ್ಸಿನ, ಎಂದರೆ ಸೆಕೆಂಡಿಗೆ 30 ಬಾರಿಯ, ಆಸುಪಾಸಿನಲ್ಲಿತ್ತು. ಅದೇ ಎಡೆಯಲ್ಲಿ ಡಬಲ್ ಬಾಸಿನ ಅತ್ಯಂತ ಕೆಳಗಿನ ಸ್ವರಗಳೂ ಇರುವುದರಿಂದ, ಅಲ್ಲಿ ಸೋರಿಕೆ ಉಳಿದರೆ ಅದನ್ನು ಸಂಗೀತದಿಂದ ಬೇರ್ಪಡಿಸಲು ಬರುವುದಿಲ್ಲ.

ಸ್ಪ್ರಿಂಗುಗಳನ್ನು ಮೊದಲೇ ಅದುಮಿ, ಬೋಲ್ಟುಗಳಿಂದ ಬಿಗಿದು ಕೂರಿಸುತ್ತಾರೆ. ಹಾಗೆ ಮಾಡದಿದ್ದರೆ ಮೇಲೆ ಕಾಂಕ್ರೀಟ್ ಸುರಿದಂತೆಲ್ಲ ನೆಲ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಇಳಿಯುತ್ತ ಹೋಗಿ ಗೋಡೆಗಳು ಬಿರಿಯುತ್ತವೆ. ಪೆಟ್ಟಿಗೆ ಪೂರ್ತಿಯಾಗಿ ಅದರ ಭಾರ ಬಿದ್ದಾಗ ಬೋಲ್ಟುಗಳು ತಾವಾಗಿ ಸಡಿಲವಾಗುತ್ತವೆ. ಆಗ ಒಂದೊಂದಾಗಿ ಬಿಚ್ಚಿ, ಮಟ್ಟವನ್ನು ಅಳೆದು, ತಗ್ಗಿದಲ್ಲಿ ತೆಳು ತಗಡುಗಳನ್ನು ಸೇರಿಸಬೇಕು. ಆ ಕೆಲಸ ಒಂಬತ್ತು ದಿನ ನಡೆಯಿತು. ಕೊನೆಯ ಬೋಲ್ಟನ್ನು ಬಿಚ್ಚಿದಾಗ ಪೆಟ್ಟಿಗೆ ಇನ್ನೂ ಎರಡು ಮಿಲಿಮೀಟರ್ ಇಳಿದು ನಿಂತಿತು. ಯಾವ ಸದ್ದೂ ಆಗಲಿಲ್ಲ. ಅಳತೆಯ ಗಡಿಯಾರದ ಮುಳ್ಳು ಸರಿದದ್ದನ್ನು ನೋಡಿರದಿದ್ದರೆ ಏನೂ ನಡೆಯಲಿಲ್ಲವೆಂದೇ ಅಂದುಕೊಳ್ಳುತ್ತಿದ್ದೆವು.

ಹವಾನಿಯಂತ್ರಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಯಂತ್ರಗಳೆಲ್ಲ ಹೊರಪೆಟ್ಟಿಗೆಯ ಆಚೆ. ಗಾಳಿ ಆಸನಗಳ ಕೆಳಗಿನ ಕಿಂಡಿಗಳಿಂದ ಸೆಕೆಂಡಿಗೆ 20 ಸೆಂಟಿಮೀಟರ್ ಮೀರದ ವೇಗದಲ್ಲಿ ಮೆಲ್ಲನೆ ಏಳುತ್ತದೆ, ಜನರ ಮೈಯ ಬಿಸಿಯೇ ಅದನ್ನು ಮೇಲಕ್ಕೆ ಒಯ್ಯುತ್ತದೆ. ವೇಗ ಕಡಿಮೆಯಾಗಬೇಕಾದರೆ ಕೊಳವೆ ದೊಡ್ಡದಾಗಬೇಕು. ಆ ಕೊಳವೆಗಳು ನನ್ನ ತೊಲೆಗಳ ಜಾಗವನ್ನೇ ಕೇಳುತ್ತಿದ್ದವು. ಎರಡು ವರ್ಷ ಜಗಳವಾಡಿದೆವು.

ಒಳಗಿನ ಮೇಲ್ಮೈಯ ವಿಷಯದಲ್ಲಿ ಎಲ್ಲರೂ ನಂಬಿರುವ ಒಂದು ತಪ್ಪನ್ನು ನಾನೂ ನಂಬಿದ್ದೆ: ಮರದ ಗೋಡೆಯಿದ್ದರೆ ಸಂಗೀತ ಚೆನ್ನಾಗಿರುತ್ತದೆ, ಸಭಾಂಗಣವೂ ಒಂದು ವೀಣೆಯ ಕೊಡದಂತೆ ಮಿಡಿಯಬೇಕು ಎಂದು. ವಾಸ್ತವವಾಗಿ ತೆಳುವಾದ ಮರದ ಹಲಗೆ, ಅದರ ಹಿಂದೆ ಖಾಲಿ ಜಾಗ ಇದ್ದರೆ, ಮಂದ್ರ ಸ್ವರಗಳಿಗೆ ತಾನು ಅಲುಗಿ ಅವುಗಳ ಶಕ್ತಿಯನ್ನು ನುಂಗಿಬಿಡುತ್ತದೆ. ಸಂಗೀತದ ಆಳ ಹೋಗಿ ಅದು ತೆಳ್ಳಗೆ ಕೇಳಿಸುತ್ತದೆ. ವಾದ್ಯ ಮಿಡಿಯಬೇಕು, ಗೋಡೆ ಮಿಡಿಯಬಾರದು. ಹ್ಯಾಂಬರ್ಗಿನಲ್ಲಿ ಒಳಗೋಡೆಗೆ ಹೊದಿಸಿದ 10,000ದಷ್ಟು ಫಲಕಗಳು ಜಿಪ್ಸಮ್ ಮತ್ತು ಕಾಗದದ ನಾರಿನ ಭಾರವಾದ ಫಲಕಗಳು, ಮರವಲ್ಲ. ನಮ್ಮಲ್ಲಿ ಕಣ್ಣಿಗೆ ಕಾಣುವ ಮರ ಕೆಲವೇ ಮಿಲಿಮೀಟರ್ ದಪ್ಪದ್ದು; ಅದನ್ನು ಭಾರವಾದ ಫಲಕಕ್ಕೆ ಎಲ್ಲಿಯೂ ಟೊಳ್ಳುಳಿಯದಂತೆ ಅಂಟಿಸಿದ್ದೇವೆ. ಗೆಣ್ಣಿನಿಂದ ತಟ್ಟುತ್ತ ಗೋಡೆಯುದ್ದಕ್ಕೂ ನಡೆದು, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುವುದು ಎರಡು ತಿಂಗಳು ನನ್ನ ಬೆಳಗಿನ ಕಾಯಕವಾಗಿತ್ತು. ವೇದಿಕೆಯ ನೆಲ ಮಾತ್ರ ಇದಕ್ಕೆ ಅಪವಾದ. ಅಲ್ಲಿ ಮೆತ್ತನೆಯ ಮರವನ್ನು ಟೊಳ್ಳಿನ ಮೇಲೆ ಹಾಸಿದ್ದೇವೆ, ಏಕೆಂದರೆ ಚೆಲ್ಲೊ ಮತ್ತು ಬಾಸ್ ವಾದ್ಯಗಳು ತಮ್ಮ ಕಬ್ಬಿಣದ ಮೊಳೆಯನ್ನು ಆ ಹಲಗೆಗೆ ಊರಿ ನಿಲ್ಲುತ್ತವೆ, ಅವುಗಳೊಡನೆ ಅದು ಮಿಡಿಯಬೇಕು.

ತೆರೆಯಲು ನಾಲ್ಕು ತಿಂಗಳಿರುವಾಗ ಮೊದಲ ಮೌನದ ಪರೀಕ್ಷೆ ನಡೆಯಿತು. ಎಲ್ಲ ಯಂತ್ರಗಳನ್ನು ನಿಲ್ಲಿಸಿ, ಕೆಲಸಗಾರರನ್ನು ಹೊರಗೆ ಕಳಿಸಿ, ಮೈಕ್ರೊಫೋನಿನ ಸುತ್ತ ನಾಲ್ಕು ಜನ ಉಸಿರು ಬಿಗಿಹಿಡಿದು ಕುಳಿತೆವು. ಮಟ್ಟ ಗುರಿಯೊಳಗೇ ಇತ್ತು. ಹದಿನೈದು ನಿಮಿಷದ ಬಳಿಕ ತೆರೆಯ ಮೇಲಿನ ಗೆರೆಯ ಎಡತುದಿ ನಿಧಾನವಾಗಿ ಮೇಲೆದ್ದಿತು. ನನಗೆ ಏನೂ ಕೇಳಿಸಲಿಲ್ಲ, ಆದರೆ ಧ್ವನಿತಜ್ಞರು ಕಣ್ಣು ಮುಚ್ಚಿಯೇ “ದೋಣಿ” ಎಂದರು. ಹೊರಗೆ ಹೋಗಿ ನೋಡಿದರೆ ಸರಕು ದೋಣಿಯೊಂದು ಪ್ರವಾಹಕ್ಕೆ ಎದುರಾಗಿ ಸಾಗುತ್ತಿತ್ತು. 63 ಹರ್ಟ್ಸಿನ ಪಟ್ಟಿಯಲ್ಲಿ ಏಳು ಡೆಸಿಬೆಲ್ ಹೆಚ್ಚು. ಏಳು ವರ್ಷದ ಕೆಲಸ ಏಳು ಡೆಸಿಬೆಲ್ಲಿನ ಮುಂದೆ ನಿಂತಿತ್ತು.

ಸ್ಪ್ರಿಂಗುಗಳು ತಪ್ಪಿದ್ದರೆ ನಡುಕ ಎಲ್ಲೆಡೆ ಒಂದೇ ರೀತಿ ಇರಬೇಕಿತ್ತು. ಹೊರಗೋಡೆಗೂ ಒಳಗೋಡೆಗೂ ಎದುರುಬದುರಾಗಿ ಕಂಪನಮಾಪಕಗಳನ್ನು ಅಂಟಿಸಿ, ಹೊರಗೋಡೆಯನ್ನು ರಬ್ಬರಿನ ಸುತ್ತಿಗೆಯಿಂದ ಬಡಿಯುತ್ತ ಸುತ್ತು ಬಂದೆವು. ಮೂರು ಬದಿಗಳಲ್ಲಿ ಒಳಗೆ ದಾಟುತ್ತಿದ್ದದ್ದು ನೂರರಲ್ಲಿ ಒಂದು ಪಾಲಿಗೂ ಕಡಿಮೆ. ನದಿಯ ಕಡೆಯ ಮೂಲೆಯಲ್ಲಿ ಎರಡೂ ಮಾಪಕಗಳ ಗೆರೆಗಳು ಅವಳಿಗಳಂತೆ ಒಟ್ಟಿಗೆ ಕುಣಿದವು. ಆ ಎಂಟು ಸೆಂಟಿಮೀಟರಿನ ಸಂದಿನಲ್ಲಿ ಎಲ್ಲೋ ಒಂದು ಸೇತುವೆಯಿತ್ತು.

ಅದನ್ನು ಹುಡುಕಲು ಹನ್ನೊಂದು ದಿನ ಬೇಕಾಯಿತು. ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ, ಮೇಲಿನ ಅಂಚಿನಿಂದ ಇಳಿಬಿಟ್ಟು, ಗೋಡೆಯ ಪ್ರತಿ ಅಡಿಯನ್ನೂ ತೆರೆಯ ಮೇಲೆ ನೋಡಿದೆವು. ಆರನೆಯ ದಿನ ಮೊದಲನೆಯದು ಸಿಕ್ಕಿತು: ಬೆಂಕಿ ಆರಿಸುವ ನೀರಿನ ಕೊಳವೆಗೆ ರಬ್ಬರಿನ ಬಳುಕುವ ಜೋಡಣೆಯಿರಬೇಕಾದಲ್ಲಿ ಯಾರೋ ಗಟ್ಟಿ ಕ್ಲಾಂಪು ಬಿಗಿದಿದ್ದರು. ಅದನ್ನು ಬದಲಿಸಿದಾಗ ಎರಡು ಡೆಸಿಬೆಲ್ ಇಳಿಯಿತು. ಹನ್ನೊಂದನೆಯ ದಿನ, ನೆಲದಿಂದ ಒಂದು ಆಳೆತ್ತರದಲ್ಲಿ, ಸೆಂಟ್ರಿಂಗಿನ ಹಲಗೆಯ ತುಂಡೊಂದು ಅಡ್ಡವಾಗಿ ಸಿಕ್ಕಿಕೊಂಡಿರುವುದು ಕಂಡಿತು. ಒಳಗೋಡೆಯ ಕಾಂಕ್ರೀಟ್ ಹಾಕುವಾಗ ಸೋರಿದ ಸಿಮೆಂಟಿನ ಹಾಲು ಅದರ ಮೇಲೆ ಕೂಡಿ ಗಟ್ಟಿಯಾಗಿ, ತೆಂಗಿನಕಾಯಿ ಗಾತ್ರದ ಗಡ್ಡೆಯೊಂದು ಎರಡೂ ಗೋಡೆಗಳನ್ನು ಕಚ್ಚಿಕೊಂಡು ಕುಳಿತಿತ್ತು. 9,000 ಟನ್ನಿನ ಪೆಟ್ಟಿಗೆಯನ್ನು 280 ಸ್ಪ್ರಿಂಗುಗಳು ಎತ್ತಿಹಿಡಿದಿದ್ದ ಲಾಭವನ್ನು ಆ ಗಡ್ಡೆ ಆ ಮೂಲೆಯಲ್ಲಿ ಇಲ್ಲವಾಗಿಸಿತ್ತು. ಸಂದು ಶುಚಿಯಾಗಿದೆಯೆಂದು ಆ ಹಂತದಲ್ಲಿ ಪರೀಕ್ಷಿಸಿ ಸಹಿ ಹಾಕಿದವರ ಪಟ್ಟಿಯಲ್ಲಿ ಗುತ್ತಿಗೆದಾರರ ಹೆಸರಿನ ಕೆಳಗೆ ನನ್ನ ಹೆಸರೂ ಇತ್ತು. ಜನರೇಟರಿನ ಪುಸ್ತಕ ನನಗೆ ನೆನಪಾಯಿತು. ಬೇರೆಯವರ ಮೇಲೆ ಕೂಗಾಡುವ ಹಕ್ಕು ಆ ದಿನ ಉಳಿಯಲಿಲ್ಲ. ಉದ್ದನೆಯ ಕೊರೆಯುವ ಸಲಾಕೆಯಿಂದ ಅದನ್ನು ಮೇಲಿನಿಂದಲೇ ಚೂರುಚೂರಾಗಿ ಒಡೆದು, ಚೂರುಗಳನ್ನು ಗಾಳಿ ಹೀರುವ ಕೊಳವೆಯಿಂದ ಎತ್ತಿಸಿದೆವು. ಮರುದಿನ ದೋಣಿ ಹಾದುಹೋದಾಗ ಗೆರೆ ಅಲುಗಲಿಲ್ಲ.

ವಾದ್ಯವೃಂದದ ಮೊದಲ ತಾಲೀಮು ನಾನು ಅಂದುಕೊಂಡಂತೆ ಸಂಭ್ರಮದ್ದಾಗಿರಲಿಲ್ಲ. ಕೊಳಲಿನವರಿಗೆ ಬಾಸ್ ಕೇಳಿಸದು, ಪಿಟೀಲಿನ ಹಿಂದಿನ ಸಾಲಿಗೆ ತಾಳವಾದ್ಯಗಳದ್ದೇ ಅಬ್ಬರ. ಹೊಸ ಸಭಾಂಗಣದಲ್ಲಿ ವಾದ್ಯಗಾರರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಹೊಸದಾಗಿ ಕಲಿಯಬೇಕು, ಹಳೆಯ ಕೊಠಡಿಯಲ್ಲಿ ರೂಢಿಯಾದ ಬಲವನ್ನು ಇಲ್ಲಿ ಬಳಸಿದರೆ ಒರಟಾಗುತ್ತದೆ ಎಂದು ಧ್ವನಿತಜ್ಞರು ಸಮಾಧಾನದಿಂದ ವಿವರಿಸಿದರು. ವೇದಿಕೆಯ ಮೇಲೆ ತೂಗಿದ ಪ್ರತಿಫಲಕವನ್ನು ಒಂದು ಮೀಟರ್ ಇಳಿಸಿದರು, ಹಿಂದಿನ ಮೆಟ್ಟಿಲುಗಳನ್ನು ಒಂದು ಗೇಣು ಎತ್ತರಿಸಿದರು, ಬಾಸ್‌ಗಳನ್ನು ಹಿಂಗೋಡೆಗೆ ಹತ್ತಿರ ಸರಿಸಿದರು. ನಾಲ್ಕನೆಯ ತಾಲೀಮಿನ ಹೊತ್ತಿಗೆ ದೂರುಗಳು ಕಡಿಮೆಯಾದವು. ಜನರನ್ನು ಕೂರಿಸಿ ಮಾಡಿದ ಅಳತೆಯಲ್ಲಿ ಅನುರಣನ 1.95 ಸೆಕೆಂಡು ಬಂತು.

ತೆರೆದ ಮೇಲೂ ಆರು ತಿಂಗಳಿಗೊಮ್ಮೆ ಯಾರಾದರೂ ಆ ಸಂದನ್ನು ಕ್ಯಾಮೆರಾದಿಂದ ಪರೀಕ್ಷಿಸಬೇಕೆಂದು ನಿರ್ವಹಣೆಯ ಪುಸ್ತಕದಲ್ಲಿ ಬರೆಸಿದ್ದೇನೆ. ಮೊದಲ ಎರಡು ಬಾರಿ ನಾನೇ ಹೋದೆ. ಎರಡನೆಯ ಸಲ, ಹೊಸದಾಗಿ ಇಂಟರ್ನೆಟ್ ತಂತಿ ಎಳೆದವರು ತಂತಿಯ ಆಧಾರಕ್ಕೆಂದು ಉಕ್ಕಿನ ಪಟ್ಟಿಯೊಂದನ್ನು ಹೊರಗೋಡೆಯಿಂದ ಒಳಗೋಡೆಗೆ ಅಡ್ಡಲಾಗಿ, ಬಹಳ ಅಚ್ಚುಕಟ್ಟಾಗಿ, ನಾಲ್ಕು ಬೋಲ್ಟು ಹಾಕಿ ಬಿಗಿದಿದ್ದರು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದೆ. ಪುಸ್ತಕದಲ್ಲಿ ಸಹಿ ಹಾಕಿದ್ದು ಆಮೇಲೆ.